ಉಚ್ಚಂಗೆಮ್ಮನ ತಕರಾರು

ಕೊಟ್ಟೂರಿನ ನಮ್ಮ ಪುಟ್ಟ ಕ್ರೈಸ್ತ ಸಭೆಗೆ ನಾನು ಹದಿನೇಳು ವರ್ಷ ಕಾರ್ಯದರ್ಶಿಯಾಗಿದ್ದೆ. ಶಾಲೆಯ ಮೇಷ್ಟ್ರು, ಅಕ್ಷರ ದುಂಡಗಿದೆ ಎಂದು ಆ ಕೆಲಸ ನನ್ನ ಕೊರಳಿಗೆ ಬಿತ್ತು. ಗುಣ ನೋಡಿ ಯಾರೂ ಕೊಟ್ಟದ್ದಲ್ಲ. ಭಾನುವಾರದ ಹಾಜರಿ, ದೀಕ್ಷಾಸ್ನಾನ ಪಡೆದವರ ಪಟ್ಟಿ, ಮದುವೆಯ ಪ್ರಕಟಣೆ ಎಲ್ಲವೂ ನನ್ನ ಕೈಬರಹದಲ್ಲೇ ಇವೆ. ಅದರಲ್ಲೆಲ್ಲ ಒಂದೇ ಒಂದು ಸಾಲು ಸುಳ್ಳು. ಆ ಸುಳ್ಳನ್ನು ತನ್ನದೆಂದು ಹೊತ್ತುಕೊಂಡು ಸತ್ತವಳು ಉಚ್ಚಂಗೆಮ್ಮ. ಬರೆದವನು ನಾನು, ಗಟ್ಟಿಮುಟ್ಟಾಗಿದ್ದೇನೆ, ಮೂರು ಹೊತ್ತು ಊಟ ಮಾಡುತ್ತೇನೆ.

ಆಕೆ ಹುಟ್ಟಿದ್ದು ಚಿಗಟೇರಿ ಹತ್ತಿರದ ಒಂದು ಹಳ್ಳಿಯಲ್ಲಿ. ಗಂಡುಮಕ್ಕಳಿಲ್ಲದ ಮನೆ. ಮುಂದೆ ತಮ್ಮನ್ನು ನೋಡಿಕೊಳ್ಳಲು ಒಬ್ಬಳಾದರೂ ಮನೆಯಲ್ಲಿ ಉಳಿಯಲಿ ಎಂದು ಹೆತ್ತವರು ಹನ್ನೊಂದನೇ ವರ್ಷಕ್ಕೆ ಆಕೆಗೆ ಮುತ್ತು ಕಟ್ಟಿಸಿದರು. ಕೊರಳಿಗೆ ಆ ಮಣಿಯ ಸರ ಬಿದ್ದ ಮೇಲೆ ಹುಡುಗಿ ದೇವಿಗೆ ಸೇರಿದವಳು. ಮದುವೆ ಇಲ್ಲ, ಹುಟ್ಟಿದ ಮಕ್ಕಳಿಗೆ ಅಪ್ಪನ ಹೆಸರಿಲ್ಲ. ಹಲವಾಗಲು ಕಡೆಯ ಒಬ್ಬ ಜಮೀನುದಾರ ಏಳೆಂಟು ವರ್ಷ ಬಂದು ಹೋಗಿ ಮಾಡಿದ. ಮಗಳು ಅಮೃತಾ ಹುಟ್ಟಿದ ವರ್ಷವೇ ಅವನು ಬರುವುದು ನಿಂತಿತು. ಅಪ್ಪ ಅವ್ವ ತೀರಿಕೊಂಡ ಮೇಲೆ ಉಚ್ಚಂಗೆಮ್ಮ ಸರ ತೆಗೆದಿಟ್ಟು, ಮಗಳನ್ನು ಕಟ್ಟಿಕೊಂಡು ಕೊಟ್ಟೂರಿಗೆ ಬಂದಳು. ಇಲ್ಲಿ ಆಕೆಯ ಹಿಂದುಮುಂದು ಯಾರಿಗೂ ತಿಳಿಯದು. ಕೇಳಿದವರಿಗೆ ‘ಗಂಡ ಇಲ್ರಿ’ ಎನ್ನುತ್ತಿದ್ದಳು. ಅದು ನಿಜವೇ. ಗಂಡ ಸತ್ತಿದ್ದಾನೆ ಎಂದು ಕೇಳಿದವರು ತಾವೇ ತಿಳಿದುಕೊಂಡರು.

ಹಳೆಯ ಸೀರೆ, ಪಂಚೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು ಆಕೆಯ ಕಸುಬು. ಮನೆಮನೆಗೆ ಹೋಗಿ, ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಮೂರು ನಾಲ್ಕು ದಿನಕ್ಕೆ ಒಂದು ಕೌದಿ ಮುಗಿಸುತ್ತಿದ್ದಳು. ಹಾಗೆ ತೊಂಬತ್ತೊಂದರಲ್ಲಿ ನಮ್ಮ ಪಾಸ್ಟರ್ ಓಬಳೇಶರ ಮನೆಗೆ ಹೊಲಿಯಲು ಬಂದಳು. ಪಾಸ್ಟರ್ ತಮ್ಮ ಮಕ್ಕಳಿಗೆ ಬೈಬಲಿನ ವಾಕ್ಯ ಹೇಳುತ್ತಿದ್ದರಂತೆ. ಗೆಳೆಯ ಸತ್ತಿದ್ದಾನೆಂದು ಯೇಸುಸ್ವಾಮಿ ಗೋರಿಯ ಹತ್ತಿರ ಹೋಗಿ ಅತ್ತ ಕಥೆ. ಉಚ್ಚಂಗೆಮ್ಮ ಸೂಜಿ ನಿಲ್ಲಿಸಿ, ‘ದೇವ್ರು ಅತ್ತನ್ರಿ? ಖರೇನ?’ ಎಂದು ಎರಡೆರಡು ಸಲ ಕೇಳಿದಳಂತೆ. ಮುಂದಿನ ಭಾನುವಾರ ಮಗಳ ಕೈ ಹಿಡಿದುಕೊಂಡು ನಮ್ಮ ತಗಡಿನ ಮಂದಿರದ ಬಾಗಿಲಲ್ಲಿ ನಿಂತಿದ್ದಳು.

ಎಷ್ಟೋ ದಿನದ ಮೇಲೆ, ‘ನಿನಗೆ ಈ ದಾರಿ ಯಾಕೆ ಹಿಡಿಸಿತು?’ ಎಂದು ನಾನು ಕೇಳಿದ್ದೆ.

‘ಸಿಟ್ಟಾಗೋ ದೇವ್ರನ್ನ ನಾ ಬಾಳ ನೋಡೀನ್ರಿ ಯರ್ರೆಪ್ಪ ಮೇಷ್ಟ್ರ,’ ಎಂದಳು. ‘ಸಿಟ್ಟಾದ್ರ ಹರಕಿ ಒಪ್ಪಿಸಿದ್ರ ಮುಗೀತು. ದುಃಖ ಪಡೋ ದೇವ್ರನ್ನ ನೋಡಿದ್ದಿಲ್ಲ. ಆತಗ ಏನು ಕೊಟ್ಟು ಸಮಾಧಾನ ಮಾಡಾಕ ಬರತೈತಿ? ನಾವ ನೆಟ್ಟಗ ಇರಬೇಕು, ಅಷ್ಟ.’

ನಾನು ಮೂರನೇ ತಲೆಮಾರಿನ ಕ್ರೈಸ್ತ. ನಮ್ಮ ತಾತ ಗಾದೆಪ್ಪನ ಕಾಲಕ್ಕೇ ನಾವು ಈ ಮತಕ್ಕೆ ಬಂದವರು. ದೇವರ ದುಃಖದ ವಿಷಯ ನಾನು ನೂರು ಸಲ ಕೇಳಿದ್ದೆ, ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠವನ್ನೂ ಮಾಡಿದ್ದೆ. ಅದು ನನಗೆ ಪಾಠವಾಗಿಯೇ ಉಳಿದಿತ್ತು. ಈ ಹೆಂಗಸು ಅದನ್ನು ಮನೆಯ ಯಜಮಾನನ ಮೈ ಹುಷಾರಿಲ್ಲ ಎಂಬಂತೆ ತೆಗೆದುಕೊಂಡುಬಿಟ್ಟಳು.

ನಲ್ಲಿಯ ಹತ್ತಿರ ಕೊಡದ ಸಾಲಿಗಾಗಿ ಹೆಂಗಸರು ಜುಟ್ಟು ಹಿಡಿದರೆ, ಮೊದಲಿಗೆ ತನ್ನ ಕೊಡ ಎತ್ತಿ ಹಿಂದೆ ಇಡುವವಳು ಇವಳೇ. ‘ಬ್ಯಾಡ್ರೆವ್ವ, ಆತ ನೋಡಾಕತ್ತಾನ, ಮನಸಿಗೆ ಹಚ್ಚಿಕೊಂತಾನ,’ ಎನ್ನುವಳು. ಪಕ್ಕದ ಮನೆಯ ಕೆಂಚಕ್ಕ ನಮ್ಮ ಸಭೆಯವಳಲ್ಲ, ಬಾಯಿ ಜೋರು. ‘ನಿಮ್ಮ ದೇವ್ರು ಬಾಳ ಸೂಕ್ಷ್ಮ ಐತಿ ಬಿಡವ್ವ, ಮಾತಾಡಿದ್ರ ಅಳತೈತಿ,’ ಎಂದು ಗೇಲಿ ಮಾಡುತ್ತಿದ್ದಳು. ಉಚ್ಚಂಗೆಮ್ಮ ನಗುತ್ತಿದ್ದಳೇ ಹೊರತು ಎದುರಾಡಿದವಳಲ್ಲ. ಒಮ್ಮೆ ಪೇಟೆಯಲ್ಲಿ ಕೊಂಡ ಸೂಜಿಯ ಪೊಟ್ಟಣದಲ್ಲಿ ಒಂದು ಸೂಜಿ ಹೆಚ್ಚಿಗೆ ಬಂದಿತ್ತು ಎಂದು ಉರಿಬಿಸಿಲಲ್ಲಿ ವಾಪಸು ಹೋಗಿ ಕೊಟ್ಟು ಬಂದಳು. ಅಂಗಡಿಯವನು ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ನನಗೂ ಹಾಗೇ ಅನಿಸಿತ್ತು, ಸುಳ್ಳೇಕೆ ಹೇಳಲಿ.

ಮಂದಿರದಲ್ಲಿ ಹೆಂಗಸರು ಕೂರುವ ಕಡೆ ನೆಲ ಕೊರೆಯುತ್ತದೆ ಎಂದು ಆಕೆ ಒಂದು ಬೇಸಿಗೆ ಪೂರ್ತಿ ಕೂತು ಗೋಡೆಯಿಂದ ಗೋಡೆಗೆ ಮುಟ್ಟುವಂಥ ಕೌದಿ ಹೊಲಿದಳು. ಸಭೆಯ ಪ್ರತಿ ಮನೆಯಿಂದ ಒಂದೊಂದು ಹಳೇ ಸೀರೆ ಬೇಡಿ ತಂದಿದ್ದಳು. ಇದು ನಮ್ಮತ್ತೆಯದು, ಇದು ನನ್ನ ಮದುವೆಯದು ಎಂದು ಹೆಂಗಸರು ಭಾನುವಾರ ಬೆರಳು ಮಾಡಿ ತೋರಿಸಿಕೊಳ್ಳುತ್ತಿದ್ದರು. ಪಾಸ್ಟರರ ಪ್ರಸಂಗಕ್ಕಿಂತ ಅದರ ಕಡೆಗೇ ಅವರ ಲಕ್ಷ್ಯ ಹೆಚ್ಚು.

ಅಮೃತಾ ಬೆಳೆದಳು, ಎಸ್ಸೆಸ್ಸೆಲ್ಸಿ ಪಾಸು ಮಾಡಿ ಹೊಲಿಗೆ ಯಂತ್ರ ಕಲಿತಳು. ಒಳ್ಳೆಯ ಹಾಡುಗಾರ್ತಿ. ತೊಂಬತ್ತೆಂಟರಲ್ಲಿ ಹಗರಿಬೊಮ್ಮನಹಳ್ಳಿಯ ಹುಲುಗಪ್ಪನವರ ಮಗ ಪ್ರವೀಣಕುಮಾರ್ ಒಂದು ಪ್ರಾರ್ಥನಾ ಕೂಟದಲ್ಲಿ ಅವಳ ಹಾಡು ಕೇಳಿ ಮೆಚ್ಚಿದ. ನಮ್ಮವರೇ, ನೌಕರಿ ಇರುವ ಮನೆ, ಹುಡುಗ ಸಾಧು. ಮಾತುಕತೆ ಮೂರು ವಾರದಲ್ಲಿ ಮುಗಿದು ಮೇ ತಿಂಗಳಿಗೆ ಮದುವೆ ಗೊತ್ತಾಯಿತು. ಅಮೃತಾ ಆ ದಿನಗಳಲ್ಲಿ ನೆಲದ ಮೇಲೆ ಕಾಲಿಡುತ್ತಿರಲಿಲ್ಲ. ಉಚ್ಚಂಗೆಮ್ಮನಿಗೆ ಆ ಮದುವೆ ಎಂದರೆ ಏನು ಎಂಬುದು ನನಗೆ ಆಮೇಲೆ ತಿಳಿಯಿತು. ತನ್ನ ಕೊರಳಿಗೆ ಬೀಳದ ತಾಳಿ ಮಗಳ ಕೊರಳಿಗೆ ಬೀಳಲಿತ್ತು.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪ್ರಕಟಣೆ ಓದಬೇಕು. ಇಂಥವರ ಮಗ ಇಂಥವನಿಗೂ ಇಂಥವರ ಮಗಳು ಇಂಥವಳಿಗೂ ಮದುವೆ ನಿಶ್ಚಯವಾಗಿದೆ, ಯಾರದಾದರೂ ತಕರಾರು ಇದ್ದರೆ ಸಭೆಯ ಮುಂದೆ ಹೇಳಬೇಕು ಎಂದು ಓದಿ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು. ನಾನು ಅಷ್ಟು ವರ್ಷ ಓದಿದ್ದರಲ್ಲಿ ಯಾರೂ ಎದ್ದದ್ದಿಲ್ಲ. ಆ ಹೊತ್ತಿನಲ್ಲಿ ಜನ ಕೆಮ್ಮುತ್ತಾರೆ, ಮಕ್ಕಳ ಮೂಗು ಒರೆಸುತ್ತಾರೆ.

ಪ್ರಕಟಣೆ ಬರೆಯಲು ವಿವರ ಕೇಳಿದಾಗ ಉಚ್ಚಂಗೆಮ್ಮ ನನ್ನ ಮನೆಗೆ ಬಂದು ಬಾಗಿಲ ಹತ್ತಿರ ಕೂತಳು. ಹುಡುಗಿಯ ತಂದೆಯ ಹೆಸರು ಏನು ಎಂದೆ. ಅವಳು ಸೆರಗಿನ ತುದಿ ಸುತ್ತುತ್ತ ಮುತ್ತಿನ ಕಥೆ ಪೂರ್ತಿ ಹೇಳಿದಳು. ಶಾಲೆಗೆ ಸೇರಿಸುವಾಗ ತನ್ನ ಹೆಸರನ್ನೇ ಕೊಟ್ಟಿದ್ದಳಂತೆ.

‘ಅಮೃತಾಗ ಗೊತ್ತೈತನು?’ ಎಂದೆ.

‘ಇಲ್ರಿ. ಅಪ್ಪ ಸತ್ತಾನ ಅಂತ ತಿಳಕೊಂಡಾಳ. ದೊಡ್ಡಾಕಿ ಆಗಲಿ, ಹೇಳಿದ್ರಾತು ಅಂತ ದಿನ ದೂಡೀನಿ.’

‘ಹಂಗಾರ ಈಗ ಖಾಲಿ ಬಿಡಾಕ ಬರೂದಿಲ್ಲ,’ ಎಂದೆ. ‘ಖಾಲಿ ಬಿಟ್ರ ಜನ ತಮಗ ತಿಳಿದಂಗ ತುಂಬ್ತಾರ.’ ಪೆನ್ನು ತೆಗೆದು ‘ದಿವಂಗತ ಗಾದೆಪ್ಪನವರ ಮಗಳು’ ಎಂದು ಬರೆದೆ. ಮೊದಲು ನೆನಪಿಗೆ ಬಂದದ್ದು ನನ್ನ ತಾತನ ಹೆಸರು.

ಓದಿ ಹೇಳಿದೆ. ಅವಳ ಮುಖ ಇಳಿಯಿತು. ‘ಸುಳ್ಳಾಗತೈತಲ್ರಿ ಮೇಷ್ಟ್ರ.’

‘ಸತ್ತವರ ಹೆಸರು. ಯಾರಿಗೂ ಏನೂ ಆಗೂದಿಲ್ಲ. ನೀ ಸುಮ್ನಿರು.’

ಸುಮ್ಮನಾದಳು. ಒಪ್ಪಿದಳು ಎಂದು ನಾನು ತಿಳಿದೆ. ಉಪಕಾರ ಮಾಡಿದೆ ಎಂಬ ಹಿಗ್ಗಿನಲ್ಲಿ ಆ ದಿನ ಹೆಂಡತಿಯ ಕೈಯಿಂದ ಎರಡನೇ ಸಲ ಚಹಾ ಮಾಡಿಸಿಕೊಂಡು ಕುಡಿದೆ.

ಮೊದಲ ಪ್ರಕಟಣೆ ಓದಿದಾಗ ಉಚ್ಚಂಗೆಮ್ಮ ತಲೆ ಎತ್ತಲಿಲ್ಲ. ಎರಡನೆಯ ಭಾನುವಾರ ಪಾಸ್ಟರ್ ಪ್ರಸಂಗ ಮಾಡಿದ್ದು ದೇವರ ದುಃಖದ ಮೇಲೆಯೇ. ಅವರಿಗೆ ಏನೂ ಗೊತ್ತಿರಲಿಲ್ಲ, ಆ ವಾರದ ಪಾಠ ಅದಾಗಿತ್ತು ಅಷ್ಟೆ. ಆತನನ್ನು ಅರಿಯದವನು ತಪ್ಪು ಮಾಡಿದರೆ ಒಂದು ಬಗೆ. ಆತನ ಮನೆಯೊಳಗೆ ಕೂತು, ಆತನ ಅನ್ನ ಉಂಡು, ಆತನೆದುರಿಗೇ ಸುಳ್ಳಾಡಿದರೆ ಆತ ಹೊಡೆಯುವುದಿಲ್ಲ, ಬೈಯುವುದಿಲ್ಲ. ಮಕ್ಕಳು ಮೋಸ ಮಾಡಿದ ಅಪ್ಪನಂತೆ ಹೊಸ್ತಿಲ ಮೇಲೆ ಮಾತಿಲ್ಲದೆ ಕೂರುತ್ತಾನೆ ಎಂದರು. ಹೆಂಗಸರು ಕಣ್ಣೊರೆಸಿಕೊಂಡರು. ನಾನು ಗಡಿಯಾರ ನೋಡಿದೆ.

ಮಂಗಳವಾರ ಆಕೆ ನನ್ನ ಶಾಲೆಗೇ ಬಂದಳು. ‘ಆ ಹೆಸರು ತೆಗೀರಿ ಮೇಷ್ಟ್ರ. ಐತವಾರದಿಂದ ಆತ ನಮ್ಮ ಹೊಸ್ತಿಲ ಮ್ಯಾಲ ಕುಂತಂಗ ಆಗೇತಿ. ನಂಗ ಗಂಟಲದಾಗ ಅನ್ನ ಇಳೀವಲ್ದು.’

‘ಹುಚ್ಚಿ ಅದೀಯೇನು? ಮದುವಿ ಮುರೀತೈತಿ.’

‘ಯಾಕ ಮುರೀತೈತ್ರಿ? ಎಲ್ಲಾರು ಆತನ ಮಕ್ಕಳ ಅಲ್ಲನು? ಕ್ಷಮಾ ಕ್ಷಮಾ ಅಂತ ಪ್ರತಿ ಐತವಾರ ಹಾಡ್ತಾರಲ್ರಿ.’

ಆ ಮಾತಿಗೆ ನಾನು ಏನು ಹೇಳಬೇಕಿತ್ತು? ಹಾಡುವುದು ಬೇರೆ ಉಚ್ಚಂಗೆಮ್ಮ, ಸಂಬಂಧ ಬೆಳೆಸುವುದು ಬೇರೆ ಎಂದೇ? ಹಾಗೆ ಹೇಳಿದ್ದರೂ ಆಗುತ್ತಿತ್ತು. ‘ಮದುವಿ ಮುಗೀಲಿ, ಆಮ್ಯಾಲ ದೇವ್ರಿಗೆ ನಾನ ಉತ್ತರ ಕೊಡ್ತೀನಿ,’ ಎಂದು ಗದರಿಸಿ ಕಳಿಸಿದೆ.

ಮೂರನೆಯ ಭಾನುವಾರ ಹುಲುಗಪ್ಪನವರ ಮನೆಯವರು ಎಂಟು ಜನ ಬಂದಿದ್ದರು. ಕೊನೆಯ ಪ್ರಕಟಣೆಯಾದ ಮೇಲೆ ಉಚ್ಚಂಗೆಮ್ಮನ ಮನೆಯಲ್ಲಿ ಊಟ. ಆಕೆ ನಸುಕಿನಲ್ಲೇ ಎದ್ದು ಹೋಳಿಗೆ ಮಾಡಿಟ್ಟು ಬಂದಿದ್ದಳು. ನಾನು ಓದಿದೆ. ದಿವಂಗತ ಗಾದೆಪ್ಪನವರ ಮಗಳು ಅಮೃತಾ. ಯಾರದಾದರೂ ತಕರಾರು ಇದ್ದರೆ ಹೇಳಬೇಕು. ಓದಿ ತಲೆ ತಗ್ಗಿಸಿ ಮನಸ್ಸಿನಲ್ಲಿ ಎಣಿಸತೊಡಗಿದೆ.

ಹೆಂಗಸರ ಕಡೆಯಿಂದ ಬಳೆಯ ಸದ್ದಾಯಿತು. ಉಚ್ಚಂಗೆಮ್ಮ ಕೌದಿಯ ಮೇಲೆ ಎದ್ದು ನಿಂತಿದ್ದಳು.

‘ನಂದೈತ್ರಿ ತಕರಾರು,’ ಎಂದಳು. ‘ಮದುವಿ ಮ್ಯಾಲ ಅಲ್ಲ, ಆ ಹೆಸರಿನ ಮ್ಯಾಲ. ಆ ಹೆಸರಿನಾವ ಯಾರೂ ಇಲ್ಲ. ಸಣ್ಣಾಕಿ ಇದ್ದಾಗ ನಂಗ ಮುತ್ತು ಕಟ್ಟಿದ್ರು. ನನ್ನ ಮಗಳಿಗೆ ಅಪ್ಪ ಅಂತ ಹೇಳಾಕ ಹೆಸರಿಲ್ಲ. ಆತನ ಮನಿಯಾಗ ಸುಳ್ಳು ಇರಬಾರ್ದು ಅಂತ ಹೇಳಾಕತ್ತೀನಿ. ನನ್ನ ಮಗಳದೇನೂ ತಪ್ಪಿಲ್ಲ. ನೀವೆಲ್ಲಾ ದೊಡ್ಡ ಮನಸು ಮಾಡಬೇಕ್ರೆಪ್ಪ.’

ಇಷ್ಟು ಹೇಳಿ ಕೈಮುಗಿದು ಎಲ್ಲರ ಮುಖ ನೋಡಿದಳು. ಆಗಲೂ ಆಕೆಗೆ ನಂಬಿಕೆ ಇತ್ತು. ಯಾರಾದರೂ ಎದ್ದು, ಹೋಗಲಿ ಬಿಡವ್ವ ಎನ್ನುತ್ತಾರೆ ಎಂದು ಕಾಯುತ್ತಿದ್ದಳು. ಅಮೃತಾ ಅವ್ವನ ಕಾಲ ಬುಡದಲ್ಲಿ ಕೂತಿದ್ದವಳು ಬಾಯಿಗೆ ಸೆರಗು ತುರುಕಿಕೊಂಡು ಮುದುಡಿಬಿಟ್ಟಳು.

ಹುಲುಗಪ್ಪ ಎದ್ದರು. ಅವರ ಸೋದರತ್ತೆಗೂ ಹಿಂದೆ ಮುತ್ತು ಕಟ್ಟಿದ್ದರು ಎಂಬುದು ನನಗೆ ಗೊತ್ತಿತ್ತು, ಅವರಿಗೆ ಮರೆತಿತ್ತು. ‘ಅದಿರ್ಲಿ. ಈ ಗಾದೆಪ್ಪ ಅನ್ನೋ ಹೆಸರು ಯಾರು ಬರಸಿದ್ರು?’ ಎಂದು ನನ್ನ ಕೈಯಲ್ಲಿದ್ದ ಹಾಳೆಯ ಕಡೆ ನೋಡಿದರು. ಎಲ್ಲರೂ ನೋಡಿದರು.

ನನ್ನ ಮಗನಿಗೆ ಮಿಷನ್ ಶಾಲೆಯಲ್ಲಿ ಕೆಲಸಕ್ಕೆ ಪ್ರಯತ್ನ ನಡೆದಿತ್ತು. ಸಭೆಯಲ್ಲಿ ಮೂರು ತಲೆಮಾರಿನ ಹೆಸರು. ಒಂದೇ ಮಾತು ಸಾಕಿತ್ತು, ‘ನಾನು.’

‘ನಾನ ಬರಸೀನ್ರಿ,’ ಎಂದಳು ಉಚ್ಚಂಗೆಮ್ಮ. ‘ಮೇಷ್ಟ್ರಿಗೇನು ಗೊತ್ತು ಪಾಪ.’

ಸುಳ್ಳು ತೆಗೆಯಲು ಎದ್ದವಳು ನಿಂತ ಕಾಲಲ್ಲೇ ನನಗಾಗಿ ಇನ್ನೊಂದು ಸುಳ್ಳು ಹೇಳಿದಳು. ನಾನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡೆ. ಪಾಸ್ಟರ್ ಗಡಿಬಿಡಿಯಿಂದ ಕೊನೆಯ ಪ್ರಾರ್ಥನೆ ಮಾಡಿ ಆಶೀರ್ವಾದ ಹೇಳಿದರು. ಹುಲುಗಪ್ಪನವರು ‘ವಿಚಾರ ಮಾಡಿ ತಿಳಸ್ತೀವಿ’ ಎಂದು ಊಟಕ್ಕೆ ನಿಲ್ಲದೆ ಬಸ್ ನಿಲ್ದಾಣಕ್ಕೆ ನಡೆದರು. ಪ್ರವೀಣಕುಮಾರ್ ಒಂದು ಸಲ ಅಮೃತಾಳ ಕಡೆ ತಿರುಗಿ ನೋಡಿ ಅಪ್ಪನ ಹಿಂದೆ ಹೋದ. ಅವರು ಇವತ್ತಿನವರೆಗೂ ಏನನ್ನೂ ತಿಳಿಸಿಲ್ಲ. ಆ ಹೋಳಿಗೆಯನ್ನು ಉಚ್ಚಂಗೆಮ್ಮ ಸಂಜೆ ಓಣಿಯ ಮಕ್ಕಳಿಗೆ ಹಂಚಿದಳು ಎಂದು ಕೆಂಚಕ್ಕ ಆಮೇಲೆ ಹೇಳಿದಳು.

ನಮ್ಮ ಸಭೆ ಆಕೆಯನ್ನು ಹೊರಗೆ ಹಾಕಲಿಲ್ಲ. ಅಷ್ಟು ಧೈರ್ಯ ನಮ್ಮಲ್ಲಿ ಯಾರಿಗಿತ್ತು? ಮುಂದಿನ ಭಾನುವಾರ ಆಕೆ ಬಂದು ಕೂತಾಗ ಅಕ್ಕಪಕ್ಕದವರು ಸ್ವಲ್ಪ ಸರಿದು ಕೂತರು. ಆ ಮುಂದಿನ ವಾರ ಇನ್ನೂ ಸ್ವಲ್ಪ. ಆಕೆ ಹೊಲಿದ ಕೌದಿಯ ಮೇಲೆಯೇ, ಆಕೆಯ ಸುತ್ತ ಒಂದು ಮಂಚ ಹಾಕುವಷ್ಟು ಜಾಗ ಖಾಲಿ. ಆರು ವಾರ ಹಾಗೆ ಕೂತಳು. ಏಳನೆಯ ವಾರ ಬರಲಿಲ್ಲ. ನೋಡಲು ಹೋದೆ.

‘ನಾ ಕುಂತ್ರ ಅವ್ರು ಸರೀತಾರ,’ ಎಂದಳು. ‘ಅವ್ರು ಸರಿಯೂದು ನೋಡಿ ಆತಗ ಮತ್ತ ದುಃಖ. ನಾ ಬರಲಿಲ್ಲಂದ್ರ ಅವ್ರೂ ನೆಟ್ಟಗ ಕುಂದರ್ತಾರ.’

ಕೋಪವಿಲ್ಲ, ಅಳುವಿಲ್ಲ. ನಮ್ಮ ಪಾಪ ಕಡಿಮೆಯಾಗಲಿ ಎಂದು ಆಕೆ ಮಂದಿರ ಬಿಟ್ಟಿದ್ದಳು. ನನಗೆ ಮೈ ಉರಿದುಹೋಯಿತು. ಆಕೆಯ ಮೇಲೆ ಉರಿಯಿತೋ ನನ್ನ ಮೇಲೋ ಈಗಲೂ ಹೇಳಲಾರೆ. ಆದರೆ ಎದ್ದು ಬಂದೆ, ಮುಂದಿನ ಭಾನುವಾರದ ಹಾಜರಿಯಲ್ಲಿ ಆಕೆಯ ಹೆಸರಿನ ಮುಂದೆ ಗೈರು ಎಂದು ಬರೆದೆ.

ಅಮೃತಾ ಅವ್ವನ ಜೊತೆ ಮಾತು ಬಿಟ್ಟಳು. ಒಂದೇ ಸೂರಿನ ಕೆಳಗೆ ವರ್ಷದ ಮೇಲಾಯಿತು, ಮಾತಿಲ್ಲ. ಅಪ್ಪನ ವಿಷಯ ಮುಚ್ಚಿಟ್ಟದ್ದಕ್ಕಿಂತ ಆ ಹೆಸರು ಅವಳಿಗೆ ಹೆಚ್ಚು ಚುಚ್ಚಿತ್ತು. ಆ ಎರಡು ವಾರ ಅವಳು ‘ಗಾದೆಪ್ಪನ ಮಗಳು ಅಮೃತಾ’ ಎಂದು ನೋಟುಬುಕ್ಕಿನಲ್ಲಿ ಬರೆದು ಬರೆದು ನೋಡಿಕೊಂಡಿದ್ದಳಂತೆ. ಅಪ್ಪ ಸಿಕ್ಕಿದ ಎಂಬ ಖುಷಿ. ‘ಹೆಸರು ಕೊಟ್ಟು ಆಸೆ ಹಚ್ಚಿದಾಕಿನೂ ಆಕಿನ, ಮಂದಿ ಮುಂದ ಕಸಕೊಂಡಾಕಿನೂ ಆಕಿನ,’ ಎಂದು ಕೆಂಚಕ್ಕನ ಹತ್ತಿರ ಹೇಳಿದ್ದಳು. ಕೊನೆಗೆ ಹಡಗಲಿಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತೆಂದು ಹೋದವಳು ವರ್ಷಕ್ಕೊಮ್ಮೆಯೂ ಬರಲಿಲ್ಲ. ಮದುವೆಯ ಮಾತೆತ್ತಿದವರ ಮೇಲೆ ಹರಿಹಾಯುತ್ತಿದ್ದಳಂತೆ.

ಎರಡು ಸಾವಿರದ ಆರರಲ್ಲಿ ಉಚ್ಚಂಗೆಮ್ಮನ ಎರಡೂ ಮೂತ್ರಪಿಂಡ ಕೆಟ್ಟವು. ಮುಖ ಊದಿತ್ತು, ಸೂಜಿ ಹಿಡಿಯುವ ಬೆರಳು ಮಡಚುತ್ತಿರಲಿಲ್ಲ. ನೋಡಲು ಹೋದಾಗ ಕೆಂಚಕ್ಕ ಗಂಜಿ ಕುಡಿಸುತ್ತಿದ್ದಳು. ದೇವರ ಅಳುವನ್ನು ಗೇಲಿ ಮಾಡಿದವಳು ಕೊನೆಯ ನಾಲ್ಕು ತಿಂಗಳು ಆಕೆಯ ಹೇಲು ಉಚ್ಚೆ ಬಳಿದಳು. ಹಾಡುವ ನಾವೆಲ್ಲ ಒಮ್ಮೊಮ್ಮೆ ಹೋಗಿ ಪ್ರಾರ್ಥನೆ ಮಾಡಿ ಬಂದೆವು.

ಕೆಂಚಕ್ಕ ನೀರಿಗೆ ಹೋದಾಗ ಉಚ್ಚಂಗೆಮ್ಮ ನನ್ನನ್ನು ಹತ್ತಿರ ಕರೆದಳು. ‘ಮೇಷ್ಟ್ರ, ಒಂದು ಸುಳ್ಳು ಇನ್ನೂ ಉಳದೈತ್ರಿ. ನೀವಾಗೇ ಬರೆದದ್ದನ್ನ ನಾ ಬರಸೀನಿ ಅಂದೆ. ಅವತ್ತು ನಿಮ್ಮ ಮಾರಿ ನೋಡಾಕ ಆಗಲಿಲ್ಲ, ಅದಕ್ಕ ಅಂದೆ. ಎಂಟು ವರ್ಷದಿಂದ ಅದು ಆತನ ಮುಂದ ಬಿದ್ದೈತಿ. ಸಭಾದಾಗ ಹೇಳ್ರಿ ಅನ್ನೂದಿಲ್ಲ. ಅಮೃತಾಗ ಒಬ್ಬಾಕಿಗೆ ಹೇಳ್ರಿ. ನನ್ನ ಮಗಳು ನನ್ನ ಜೋಡಿ ಮಾತಾಡೂದು ಬ್ಯಾಡ, ನಾ ಆಕಿಗೆ ಮೋಸ ಮಾಡಲಿಲ್ಲ ಅಂತ ತಿಳೀಲಿ.’

‘ಹೇಳ್ತೀನವ್ವ,’ ಎಂದೆ. ಆಕೆಯ ಊದಿದ ಕೈ ಹಿಡಿದು ಆಣೆ ಮಾಡಿದೆ. ಹಡಗಲಿಗೆ ದಿನಕ್ಕೆ ಎಷ್ಟೋ ಬಸ್ಸು. ಈ ವಾರ ಪರೀಕ್ಷೆ, ಮುಂದಿನ ವಾರ ಮೊಮ್ಮಗನ ನಾಮಕರಣ ಎಂದು ನಾನು ಹೋಗಲಿಲ್ಲ. ಇಪ್ಪತ್ತಾರು ದಿನ ಬಿಟ್ಟು ಒಂದು ಗುರುವಾರ ಮಧ್ಯಾಹ್ನ ಆಕೆ ತೀರಿಕೊಂಡಳು.

ಮಣ್ಣಿಗೆ ಬಂದವರು ಹನ್ನೊಂದು ಜನ. ಅಮೃತಾ ಹಡಗಲಿಯಿಂದ ಬಂದು ಅವ್ವನ ತಲೆದೆಸೆಯಲ್ಲಿ ನೆಟ್ಟಗೆ ನಿಂತಿದ್ದಳು. ಇಪ್ಪತ್ತೆಂಟಕ್ಕೇ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಎಲ್ಲರೂ ಮಣ್ಣು ಹಾಕಿ ಹೊರಟ ಮೇಲೆ ನನ್ನ ಹತ್ತಿರ ಬಂದಳು.

‘ಮೇಷ್ಟ್ರ, ಪ್ರಕಟಣಿ ಬರೆದಾವ್ರು ನೀವು. ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಅವ್ವ ಆ ಗಾದೆಪ್ಪ ಅನ್ನೋ ಹೆಸರು ಎಲ್ಲಿಂದ ತಂದ್ಲು? ಅಂಥಾವ ಯಾರರ ಇದ್ದನ?’

ಎದುರಿಗೆ ಹಸಿ ಮಣ್ಣು. ಅಲ್ಲಿಂದ ಹತ್ತು ಹೆಜ್ಜೆಗೆ ನನ್ನ ತಾತನ ಗೋರಿ, ಅದರ ಕಲ್ಲಿನ ಮೇಲೆ ಅದೇ ಹೆಸರು, ಅರ್ಧ ಪಾಚಿ ಮುಚ್ಚಿದೆ. ಪಾಸ್ಟರ್ ಗೇಟಿನ ಹತ್ತಿರ ನನಗಾಗಿ ಕಾಯುತ್ತಿದ್ದರು.

‘ಗೊತ್ತಿಲ್ಲಮ್ಮ,’ ಎಂದೆ.

ಅವಳು ತಲೆಯಾಡಿಸಿದಳು. ‘ಹಂಗಾರ ಕಟ್ಟಿ ಹೇಳಿದ್ಲು ಬಿಡ್ರಿ. ಸಾಯೋತನಕನೂ ಖರೇ ಹೇಳಲಿಲ್ಲ ನಂಗ.’ ಕೈಗಂಟಿದ ಮಣ್ಣು ಕೊಡವುತ್ತ, ‘ನಂಗ ಅಳು ಬರವಲ್ದ್ರಿ ಮೇಷ್ಟ್ರ. ತಪ್ಪನ್ರಿ?’ ಎಂದಳು.

‘ಇಲ್ಲಮ್ಮ,’ ಎಂದೆ.

ಅವಳು ಮೂರೂವರೆಯ ಬಸ್ಸಿಗೆ ಹೋದಳು. ನಾನೇ ನಿಲ್ದಾಣದವರೆಗೆ ಅವಳ ಚೀಲ ಹಿಡಿದು ಹೋಗಿ, ಕಿಟಕಿಯ ಪಕ್ಕ ಜಾಗ ನೋಡಿ ಕೂರಿಸಿ ಬಂದೆ. ದೇವರು ಸಿಟ್ಟಿನವನಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಒಂದು ಏಟು ಕೊಟ್ಟು ಮುಗಿಸಿಬಿಡುತ್ತಿದ್ದ. ಮನೆಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಹೋಗುವಾಗ, ಉಚ್ಚಂಗೆಮ್ಮ ಅಂದು ಹೇಳಿದ್ದಂತೆ, ಯಾರೋ ಹೊಸ್ತಿಲ ಮೇಲೆ ಕೂತಿದ್ದಾರೆ ಎನಿಸಿತು. ದಾಟಿಕೊಂಡು ಒಳಗೆ ಹೋದೆ. ಈಗಲೂ ದಿನಾ ದಾಟಿಕೊಂಡೇ ಹೋಗುತ್ತೇನೆ.